ಎಳ್ಳುಬೆಲ್ಲದ ಡಬ್ಬಿ, ಶಿಕಾಗೋದ ಬಾಟಲಿ

ಆ ಬಿಯರ್ ಬಾಟಲಿ ಫ್ರೀಜರಿಗೆ ಇಟ್ಟಿದ್ದೇ ತಪ್ಪಾಯಿತು.

ತಪ್ಪು ಅಂತ ಗೊತ್ತಾಗಿದ್ದು ಮುಕ್ಕಾಲು ಗಂಟೆ ಆದ ಮೇಲೆ. ಅಷ್ಟರೊಳಗೆ ನಾನು 'ಮೋರಿಗೆ ಚೆಲ್ಲಿಬಿಡೋಣ ಇದನ್ನ' ಅಂತ ಒಂದು ಸಲ ಹೇಳಿಯೂ ಆಗಿತ್ತು. ಅಳಿಯ ಕೇಳಿಸಿಕೊಂಡಿದ್ದರೆ ನನ್ನ ಜೊತೆ ಮಾತು ಬಿಡುತ್ತಿದ್ದ. ಪುಣ್ಯಕ್ಕೆ ಅವನು ಅಷ್ಟೊತ್ತಿಗೆ ಬೆಂಗಳೂರಿನ ಬಸ್ಸಿನಲ್ಲಿ ಮಲಗಿದ್ದ.

ಅಳಿಯ ಅಂದ್ರೆ ಅಕ್ಕನ ಮಗ. ಶಿಕಾಗೋದಲ್ಲಿ ಸಾಫ್ಟ್‌ವೇರ್ ಕೆಲಸ. ಸಂಕ್ರಾಂತಿಗೆ ಅಂತ ಊರಿಗೆ ಬಂದಿದ್ದ. ಹೊರದೇಶದಿಂದ ಬರುವವರು ಎರಡು ಲೀಟರ್ ತನಕ ಸುಂಕ ಕಟ್ಟದೆ ತರಬಹುದು. ಅದರಲ್ಲಿ ಅವರಪ್ಪನಿಗೆ ಒಂದು ಸ್ಕಾಚ್, ನನಗೆ ಒಂದು ಬಿಯರ್ ಬಾಟಲಿ. ಎರಡು ಜೀನ್ಸ್ ಪ್ಯಾಂಟಿನೊಳಗೆ ಮಗು ಸುತ್ತಿದ ಹಾಗೆ ಸುತ್ತಿ ತಂದಿದ್ದ. ಒಂದೇ ಬಾಟಲಿ, ಅದೂ ಅರ್ಧ ಲೀಟರ್. ನಮ್ಮ ಕಿಂಗ್‌ಫಿಶರ್ ಬಾಟಲಿಯೇ 650 ಮಿಲಿ ಇರುತ್ತೆ. ಇಷ್ಟು ದೂರದಿಂದ ಇಷ್ಟೇನಾ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

'ಮಾಮ, ಇದನ್ನ ನಿಧಾನಕ್ಕೆ ಕುಡೀರಿ. ಜಾಸ್ತಿ ತಣ್ಣಗೆ ಮಾಡಬೇಡಿ' ಅಂದ.

'ಆಯ್ತಪ್ಪ' ಅಂದೆ. ಕುಡಿಯೋದು ಹೇಗೆ ಅಂತ ಇಪ್ಪತ್ತೆಂಟರ ಹುಡುಗನಿಂದ ಹೇಳಿಸಿಕೊಳ್ಳಬೇಕಾ ನಾನು? ರೇಟು ಎಷ್ಟು ಅಂತ ಕೇಳಿದೆ. ಹೇಳಲಿಲ್ಲ. ನಾನು ದಲಾಲಿ ಅಂಗಡಿಯವನು. ರೇಟು ಹೇಳದ ಮಾಲಿನ ಮೇಲೆ ನನಗೆ ಯಾವಾಗಲೂ ಒಂದು ಅನುಮಾನ.

ಮನೆಯಲ್ಲಿ ಅಮ್ಮ ಇದ್ದಾರೆ, ಹಾಗಾಗಿ ಬಾಟಲಿ ಮನೆಗೆ ಹೋಗುವ ಮಾತೇ ಇಲ್ಲ. ಎಪಿಎಂಸಿ ಯಾರ್ಡಿನಲ್ಲಿರುವ ಅಂಗಡಿಯಲ್ಲಿ ಒಂದು ಸಣ್ಣ ಫ್ರಿಜ್ ಇದೆ. ಹಮಾಲರಿಗೆ ತಣ್ಣೀರು, ನನಗೆ ಮಜ್ಜಿಗೆ ಇಡಲು. ಅದರ ಫ್ರೀಜರಿನಲ್ಲಿ ಬಾಟಲಿ ಮಲಗಿಸಿದೆ. ಸಂಜೆ ನನ್ನ ಗೆಳೆಯನಿಗೆ ಫೋನ್ ಮಾಡಿದೆ. ಅವನದು ಮಂಡಕ್ಕಿ ಭಟ್ಟಿ. ಅವನ ಹೆಸರು ಬರೆದರೆ ಅವನ ಮನೆಯವರು ಓದುತ್ತಾರೆ, ಆಮೇಲೆ ನನಗೆ ಅವರ ಮನೆಯಲ್ಲಿ ಊಟ ಸಿಗಲ್ಲ. ಭಟ್ಟಿ ಗೆಳೆಯ ಅಂತಲೇ ಇರಲಿ.

ಗೋಡೌನಿನ ತಾರಸಿ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡೆವು. ಅವನು ಬರುವಾಗ ಪೇಪರಿನಲ್ಲಿ ಕಟ್ಟಿಸಿದ ಖಾರ ಮಂಡಕ್ಕಿ, ಆರು ಮಿರ್ಚಿ ತಂದಿದ್ದ. ದಾವಣಗೆರೆಯಲ್ಲಿ ಇಬ್ಬರು ಗಂಡಸರು ಸಂಜೆ ಎಲ್ಲಿ ಕೂತರೂ ಈ ಎರಡು ಪದಾರ್ಥ ತಾನಾಗಿಯೇ ಬರುತ್ತವೆ.

ಲೋಟಕ್ಕೆ ಸುರಿದಾಗ ಬಣ್ಣ ನೋಡಿ ಇಬ್ಬರೂ ಸುಮ್ಮನಾದೆವು. ನಾನು ಕರಿ ಬಿಯರ್ ಕುಡಿದವನೇ. ಬೆಂಗಳೂರಿನಲ್ಲಿ ಒಮ್ಮೆ ಗಿನ್ನೆಸ್ ಕುಡಿದಿದ್ದೆ. ಅದನ್ನ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಥರ ಕೆಂಪು ಕಾಣುತ್ತೆ. ಇದಕ್ಕೆ ಮೊಬೈಲ್ ಟಾರ್ಚ್ ಹಿಡಿದರೂ ಬೆಳಕು ಆಚೆ ಬರಲಿಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿ ನೋಡಿದ್ದೀರಲ್ಲ, ಹಾಗೆ. ಸುರಿಯುವಾಗ ಸದ್ದು ಕೂಡ ಬಿಯರಿನದಲ್ಲ, ಎಣ್ಣೆಯದು. ಟೀ ಬಣ್ಣದ ನೊರೆ ಒಂದು ಬೆರಳು ಬಂತು, ನೋಡ್ತಾ ಇದ್ದಂಗೇ ಹೋಯಿತು.

ಮೊದಲ ಗುಟುಕು. ತಣ್ಣಗೆ, ದಪ್ಪಗೆ, ಕಹಿ. ಗಂಟಲಿನಲ್ಲಿ ಸ್ಪಿರಿಟ್ಟಿನ ಉರಿ. ನನಗೆ ಚಿಕ್ಕಂದಿನ ಕೆಮ್ಮಿನ ಔಷಧಿ ನೆನಪಾಯಿತು.

'ಏನಲೇ ಇದು' ಅಂದ ಗೆಳೆಯ. 'ಬಾಣಂತಿಗೆ ಕೊಡೋ ಕಷಾಯ ಇದ್ದಂಗೈತಲ್ಲ.'

ಮಿರ್ಚಿ ಕಚ್ಚಿ ಇನ್ನೊಂದು ಗುಟುಕು ಹಾಕಿದೆ. ಅದು ಎರಡನೆಯ ತಪ್ಪು. ಮೆಣಸಿನಕಾಯಿಯ ಖಾರ, ಆಲ್ಕೋಹಾಲಿನ ಉರಿ ಎರಡೂ ಕೈ ಕೈ ಹಿಡಿದುಕೊಂಡು ಕಿವಿಯ ತನಕ ಹೋದವು. ಚೆಲ್ಲಿಬಿಡೋಣ ಅಂದಿದ್ದು ಆಗಲೇ.

ಅಷ್ಟರಲ್ಲಿ ಕೆಳಗೆ ಹಾರ್ನ್ ಆಯಿತು. ನಾಮಕ್ಕಲ್‌ಗೆ ಹೋಗುವ ಲಾರಿ. ಮಧ್ಯಾಹ್ನ ಬರಬೇಕಿದ್ದದ್ದು ರಾತ್ರಿ ಎಂಟಕ್ಕೆ ಬಂದಿತ್ತು. ನಮ್ಮ ಕಡೆಯ ಮೆಕ್ಕೆಜೋಳ ಅಲ್ಲಿಯ ಕೋಳಿ ಫಾರಂಗಳಿಗೆ ಹೋಗುತ್ತೆ. ಲೋಟ ಅಲ್ಲೇ ಬಿಟ್ಟು ಇಬ್ಬರೂ ಇಳಿದೆವು. ಚೀಲ ಎಣಿಸಬೇಕು, ಬಿಲ್ಟಿ ಬರೆಯಬೇಕು, ಡ್ರೈವರಿನ ಜೊತೆ ಅಡ್ವಾನ್ಸ್ ಬಗ್ಗೆ ಒಂದು ಸುತ್ತು ಜಗಳ ಆಡಬೇಕು. ಎಲ್ಲ ಮುಗಿಸಿ ಮತ್ತೆ ಮೆಟ್ಟಿಲು ಹತ್ತುವಾಗ ಮುಕ್ಕಾಲು ಗಂಟೆ ಆಗಿತ್ತು. ಬಿಯರ್ ನೆನಪೂ ಇರಲಿಲ್ಲ.

ಕುರ್ಚಿಯ ಹತ್ತಿರ ಬಂದರೆ ಕೊಬ್ಬರಿ ವಾಸನೆ.

ಯಾರೋ ಕೊಬ್ಬರಿ ತುರಿದು ಬೆಲ್ಲದ ಪಾಕಕ್ಕೆ ಹಾಕಿದ ಹಾಗೆ. ಎದುರಿನ ಮನೆಯಲ್ಲಿ ಏನೋ ಮಾಡುತ್ತಿದ್ದಾರೆ ಅಂದುಕೊಂಡೆ. ಎಪಿಎಂಸಿಯಲ್ಲಿ ಎದುರಿಗೆ ಮನೆ ಎಲ್ಲಿ, ಗೋಡೌನೇ ಇರೋದು. ಲೋಟ ಎತ್ತಿ ಮೂಗಿಗೆ ಹಿಡಿದೆ. ಅಲ್ಲಿತ್ತು.

ಈ ಸಲದ ಗುಟುಕು ಬೇರೆಯದೇ ಮಾಲು. ಮೊದಲು ಸಿಹಿ ಬಂತು. ಸಕ್ಕರೆ ಸಿಹಿ ಅಲ್ಲ, ಬೆಲ್ಲದ ಪಾಕ ತಳ ಹಿಡಿಯುವ ಹೊತ್ತಿನ ಸಿಹಿ. ಆಮೇಲೆ ಕಾಫಿ. ನಂತರ ಒಣ ಖರ್ಜೂರ. ಮಧ್ಯದಲ್ಲಿ ಎಲ್ಲೋ ಐಸ್‌ಕ್ರೀಂ ಅಂಗಡಿಯ ವೆನಿಲಾ. ನುಂಗಿದ ಮೇಲೆ ಎದೆಯಲ್ಲಿ ಬೆಚ್ಚಗೆ ಒಂದು ಗೆರೆ ಎಳೆದ ಹಾಗೆ ವಿಸ್ಕಿ. ಸ್ಪಿರಿಟ್ ಉರಿ ಎಲ್ಲಿ ಹೋಯಿತೋ. ಜನವರಿ ರಾತ್ರಿ ನಮ್ಮೂರಲ್ಲಿ ಹದಿನೈದು ಹದಿನಾರು ಡಿಗ್ರಿ ಇರುತ್ತೆ. ಈ ಥರದ ಬಿಯರ್ ಕುಡಿಯಬೇಕಾದ್ದೂ ಹೆಚ್ಚುಕಡಿಮೆ ಅಷ್ಟರಲ್ಲೇ ಅಂತೆ. ಜಾಸ್ತಿ ತಣ್ಣಗಿದ್ದರೆ ವಾಸನೆ ಮೇಲಕ್ಕೇಳುವುದಿಲ್ಲ, ನಾಲಿಗೆಗೂ ಸಿಹಿ ಗೊತ್ತಾಗುವುದಿಲ್ಲ, ಬರೀ ಕಹಿ ಉಳಿಯುತ್ತೆ. ಫ್ರಿಜ್ಜಿನಿಂದ ತೆಗೆದ ಸಾರಿಗೆ ರುಚಿ ಇರುತ್ತಾ? ಅದನ್ನು ಬಿಸಿ ಮಾಡದೆ ಯಾರೂ ಉಣ್ಣಲ್ಲ. ಬಿಯರಿಗೆ ಮಾತ್ರ ನನ್ನ ತಲೆ ಓಡಲಿಲ್ಲ.

ಗೆಳೆಯ ಮಾತಾಡಲಿಲ್ಲ. ಎರಡು ಗುಟುಕು ಹಾಕಿ ಕಣ್ಣು ಮುಚ್ಚಿ ಕೂತಿದ್ದ. ಆಮೇಲೆ, 'ಇದನ್ನ ಹುರಿದೋನು ಯಾರೋ ಗೊತ್ತಿರೋನೇ ಕಣಲೇ' ಅಂದ.

ಅದು ಹುರಿಯುವವನ ಮಾತು. ಅವನ ಭಟ್ಟಿಯಲ್ಲಿ ದಿನಾ ಅಕ್ಕಿ ಕಾದ ಮರಳಿಗೆ ಬಿದ್ದು ಮಂಡಕ್ಕಿಯಾಗಿ ಏಳುತ್ತೆ. ಅರೆಕ್ಷಣ ತಡವಾದರೆ ಕಪ್ಪಗಾಗುತ್ತೆ. 'ಸೀದಿದ್ದಕ್ಕೂ ಹುರಿದಿದ್ದಕ್ಕೂ ವಾಸನೆ ಬೇರೆ. ಇದು ಸೀದಿಲ್ಲ. ಸೀಯೋಕೆ ಒಂದು ಉಸಿರು ಮುಂಚೆ ತೆಗೆದಿದ್ದಾನೆ' ಅಂತ ವಿವರಿಸಿದ. ನನಗೆ ಇಂಟರ್ನೆಟ್ಟಿನಲ್ಲಿ ಇಷ್ಟು ಸರಿಯಾಗಿ ಹೇಳಿದವರು ಇನ್ನೂ ಸಿಕ್ಕಿಲ್ಲ. ಈ ಬಿಯರಿಗೆ ಕಪ್ಪು ಬಣ್ಣ ಬರೋದು ಹಾಗೆ ಹುರಿದ ಬಾರ್ಲಿಯಿಂದ. 1817ರಲ್ಲಿ ಡೇನಿಯಲ್ ವೀಲರ್ ಅನ್ನುವ ಇಂಗ್ಲೆಂಡಿನವನು ಕಾಫಿ ಬೀಜ ಹುರಿಯುವಂಥ ತಿರುಗುವ ಡ್ರಮ್ಮಿನಲ್ಲಿ ಬಾರ್ಲಿ ಮಾಲ್ಟ್, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹುರಿಯುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಅಲ್ಲಿಂದ ಕರಿ ಬಿಯರ್ ನಿಜವಾಗಿಯೂ ಕರಿ ಆಯಿತು.

ಬಾಟಲಿಯ ಲೇಬಲ್ ಆಗ ಓದಿದೆವು. ಗೂಸ್ ಐಲೆಂಡ್, ಬರ್ಬನ್ ಕೌಂಟಿ ಸ್ಟೌಟ್. ಗೂಸ್ ಐಲೆಂಡ್ ಅನ್ನೋದು ಶಿಕಾಗೋದ ಬಿಯರ್ ಕಂಪನಿ, ಸ್ಟೌಟ್ ಅಂದ್ರೆ ಕರಿ ಬಿಯರ್. ಆಲ್ಕೋಹಾಲ್ ಶೇಕಡಾ 14 ಚಿಲ್ಲರೆ.

ಇಬ್ಬರೂ ನಕ್ಕೆವು. ಮಂಡಿಯಲ್ಲಿ ನಮಗೆ ಹದಿನಾಲ್ಕು ಅಂದ್ರೆ ತೇವಾಂಶ. ಮೆಕ್ಕೆಜೋಳದ ತೇವ 14ರ ಒಳಗಿದ್ದರೆ ಮಾಲು ಪಾಸ್. ಮೇಲಿದ್ದರೆ ರೈತನ ಮುಖ ನೋಡಲಾಗಲ್ಲ. ದಿನಕ್ಕೆ ನೂರು ಸಲ ಮೀಟರಿನಲ್ಲಿ ನೋಡುವ ಸಂಖ್ಯೆ ಬಿಯರ್ ಬಾಟಲಿ ಮೇಲೆ ಕೂತಿತ್ತು.

ಲೆಕ್ಕ ನನ್ನ ಕಸುಬು, ಅದನ್ನೂ ಹಾಕಿದೆ. ನಮ್ಮಲ್ಲಿ ಸ್ಟ್ರಾಂಗ್ ಅಂತ ಬರೆದ ಬಿಯರ್ ಶೇಕಡಾ 8 ದಾಟುವ ಹಾಗಿಲ್ಲ. ಅಂದ್ರೆ 650 ಮಿಲಿ ಬಾಟಲಿಯಲ್ಲಿ ಜಾಸ್ತಿ ಅಂದ್ರೆ 52 ಮಿಲಿ ಆಲ್ಕೋಹಾಲ್. ಈ ಅರ್ಧ ಲೀಟರಿನಲ್ಲಿ 70 ಮಿಲಿ. ನಮ್ಮ 180 ಮಿಲಿಯ ವಿಸ್ಕಿ ಕ್ವಾರ್ಟರಿನಲ್ಲಿ 77. ಹತ್ತಿರ ಹತ್ತಿರ ಒಂದು ಕ್ವಾರ್ಟರ್ ಆಯಿತು. ಇಬ್ಬರಿಗೆ ಹಂಚಿದರೆ ತಲಾ ಒಂದು ನೈಂಟಿಗಿಂತ ತುಸು ಕಡಿಮೆ. ಇಷ್ಟೇನಾ ಅಂತ ಅಂದುಕೊಂಡಿದ್ದನ್ನು ವಾಪಸ್ ತೆಗೆದುಕೊಂಡೆ.

ಇಂಥ ಗಟ್ಟಿ ಸ್ಟೌಟಿಗೆ ಇಂಪೀರಿಯಲ್ ಅಂತ ಹೆಸರು. 18ನೇ ಶತಮಾನದಲ್ಲಿ ಲಂಡನ್ನಿನ ಥ್ರೇಲ್ ಅನ್ನುವವರ ಬ್ರೂವರಿಯಿಂದ ರಷ್ಯಾದ ಕ್ಯಾಥರೀನ್ ಮಹಾರಾಣಿಯ ಆಸ್ಥಾನಕ್ಕೆ ಹಡಗಿನಲ್ಲಿ ಹೋಗುತ್ತಿತ್ತಂತೆ. ಆ ಕಥೆ ನನಗೆ ಅಷ್ಟು ಮುಖ್ಯ ಅಲ್ಲ. ರಾಜರಾಣಿಯರು ಏನೇನೋ ತರಿಸಿಕೊಳ್ಳುತ್ತಾರೆ. ನನ್ನ ತಲೆಗೆ ಹತ್ತಿದ್ದು ಆ ಕೊಬ್ಬರಿ. ಬಾರ್ಲಿಯಲ್ಲಿ ಕೊಬ್ಬರಿ ಇಲ್ಲ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನಲ್ಲಿ ವೆನಿಲಾ ಇಲ್ಲ. ಯಾರು ಹಾಕಿದರು?

ಮಾರನೆಯ ದಿನ ಅಳಿಯನಿಗೆ ಫೋನ್ ಮಾಡಿ ಕೇಳಿದೆ. ಅವನು ಹೇಳಿದ್ದು, ಆಮೇಲೆ ನಾನು ಓದಿದ್ದು ಎಲ್ಲ ಸೇರಿಸಿ ಹೇಳುತ್ತೇನೆ.

ಯಾರೂ ಹಾಕಿಲ್ಲ. ಅದು ಮರದ್ದು. ಬರ್ಬನ್ ಅಂದ್ರೆ ಅಮೆರಿಕದ ವಿಸ್ಕಿ, ಕೆಂಟಕಿ ರಾಜ್ಯದ ಹೆಸರುವಾಸಿ ಮಾಲು. ಅಮೆರಿಕದ ಕಾನೂನಿನ ಪ್ರಕಾರ ಅದನ್ನು ಒಳಗೆ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲೇ ಇಡಬೇಕು. ಹೊಸದು ಅನ್ನೋದು ಮುಖ್ಯ. ಒಂದು ಸಲ ಬರ್ಬನ್ ಇಟ್ಟ ಪೀಪಾಯಿಗೆ ಮತ್ತೆ ಬರ್ಬನ್ ಹಾಕುವಂತಿಲ್ಲ. 200 ಲೀಟರ್ ಹಿಡಿಯುವ ಪೀಪಾಯಿ, ಹಲಗೆಗೆ ಮೊಳೆ ಇಲ್ಲ, ಅಂಟು ಇಲ್ಲ, ಕಬ್ಬಿಣದ ಪಟ್ಟಿಯ ಬಿಗಿಯಲ್ಲೇ ನಿಂತಿರುತ್ತೆ. ಒಳಗೆ ಬೆಂಕಿ ಬಿಟ್ಟು ಒಂದು ನಿಮಿಷದೊಳಗೆ ಆರಿಸುತ್ತಾರೆ. ಚೆನ್ನಾಗಿ ಸುಟ್ಟರೆ ಒಳಮೈ ಮೊಸಳೆ ಚರ್ಮದ ಥರ ಬಿರಿಯುತ್ತೆ. ಆ ಕಾವಿಗೆ ಮರದೊಳಗಿನ ಒಂದು ಅಂಶ ಒಡೆದು ವೆನಿಲಿನ್ ಆಗುತ್ತೆ. ಐಸ್‌ಕ್ರೀಂನ ವೆನಿಲಾಗೆ ವಾಸನೆ ಕೊಡುವುದೂ ಅದೇ. ಇನ್ನೊಂದು ಅಂಶ ಸಕ್ಕರೆಯಾಗಿ ಕಂದು ತಿರುಗುತ್ತೆ, ಅದು ಆ ಪಾಕದ ರುಚಿ. ಓಕ್ ಮರದಲ್ಲಿ ಲ್ಯಾಕ್ಟೋನ್ ಅಂತ ಒಂದಿದೆ. ಕೊಬ್ಬರಿ ಅದರ ಕೆಲಸ.

ಬೇಸಿಗೆಯಲ್ಲಿ ವಿಸ್ಕಿ ಉಬ್ಬಿ ಮರದೊಳಕ್ಕೆ ಹೋಗುತ್ತೆ, ಚಳಿಗಾಲಕ್ಕೆ ಈಚೆ ಬರುತ್ತೆ. ವರ್ಷಗಟ್ಟಲೆ ಹೀಗೆ ಹೋಗಿ ಬಂದು, ಕೊನೆಗೆ ಪೀಪಾಯಿ ಖಾಲಿ ಮಾಡಿದರೂ ಹಲಗೆಯೊಳಗೆ ಕೆಲವು ಲೀಟರ್ ಉಳಿದಿರುತ್ತೆ. ಆ ಖಾಲಿ ಪೀಪಾಯಿಗೆ ಕರಿ ಬಿಯರ್ ತುಂಬಿ, ಹೆಚ್ಚುಕಡಿಮೆ ಒಂದು ವರ್ಷ ಇಟ್ಟರೆ, ಮರ ಉಳಿಸಿಕೊಂಡದ್ದನ್ನೆಲ್ಲ ಬಿಯರಿಗೆ ಬಿಡುತ್ತೆ.

1990ರ ದಶಕದಲ್ಲಿ ಗೂಸ್ ಐಲೆಂಡಿನ ಗ್ರೆಗ್ ಹಾಲ್ ಅನ್ನುವವನು ಒಂದು ಊಟದ ಕೂಟದಲ್ಲಿ ಬೂಕರ್ ನೋ ಅವರನ್ನು ಭೇಟಿಯಾದನಂತೆ. ಬೂಕರ್ ನೋ ಅಂದ್ರೆ ಜಿಮ್ ಬೀಮ್ ಅವರ ಮೊಮ್ಮಗ, ಬರ್ಬನ್ ಲೋಕದ ದೊಡ್ಡ ಮನುಷ್ಯ. ಮಾತಿಗೆ ಮಾತು ಬಂದು, ಆರು ಖಾಲಿ ಪೀಪಾಯಿ ಕೇಳಿ ಪಡೆದ. ಈ ಬಿಯರ್ ಶುರುವಾಗಿದ್ದು ಆ ಆರರಿಂದ. ಈಗ ಪ್ರತಿ ನವೆಂಬರ್ ಕೊನೆಗೆ, ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ ಹೊಸ ಮಾಲು ಬಿಡುತ್ತಾರೆ. ಅಳಿಯ ಚಳಿಯಲ್ಲಿ ಕ್ಯೂ ನಿಂತು ತಂದಿದ್ದನಂತೆ. ಇದನ್ನು ಮೊದಲೇ ಹೇಳಿದ್ದರೆ ಫ್ರೀಜರಿಗೆ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಿದ್ದೆ.

ಅವನು ಹೇಳಿದ ಇನ್ನೊಂದು ಮಾತಿಗೆ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಬರ್ಬನ್ ಆಗಬೇಕಾದರೆ ಅದರಲ್ಲಿ ಕನಿಷ್ಠ ಶೇಕಡಾ 51 ಮೆಕ್ಕೆಜೋಳ ಇರಲೇಬೇಕು.

ಮೆಕ್ಕೆಜೋಳ! ನಾನು ಇಪ್ಪತ್ತು ವರ್ಷದಿಂದ ಅದರ ದೂಳು ಉಸಿರಾಡುತ್ತಾ ಕೂತಿದ್ದೇನೆ. ದಾವಣಗೆರೆ, ಹರಿಹರ, ಜಗಳೂರು, ಆ ಕಡೆ ಹೊಳಲ್ಕೆರೆ, ಎಲ್ಲಿ ನೋಡಿದರೂ ಮುಂಗಾರಿಗೆ ಮೆಕ್ಕೆಜೋಳ. ಕೋಳಿಗೆ ಹಾಕುತ್ತೇವೆ, ಸ್ಟಾರ್ಚ್ ಫ್ಯಾಕ್ಟರಿಗೆ ಕಳಿಸುತ್ತೇವೆ. ಅದನ್ನೇ ಕೆಂಟಕಿಯವರು ಪೀಪಾಯಿಗೆ ಹಾಕಿ ವರ್ಷಗಟ್ಟಲೆ ಕಾಯುತ್ತಾರೆ. ನಮ್ಮಲ್ಲಿ ಒಂದು ವಾರ ಗೋಡೌನಿನಲ್ಲಿ ಕೂತರೆ ಹುಳ ಬೀಳುತ್ತೆ ಅಂತ ಪ್ರಾಣ ಹೋಗುತ್ತೆ. ಭಟ್ಟಿ ಗೆಳೆಯನಿಗೆ ಇದನ್ನು ಹೇಳಿದಾಗ ಅವನು 'ಹಂಗಾರೆ ನಿನ್ನೆ ಕುಡಿದಿದ್ದು ನಮ್ಮೂರ ಮಾಲೇ ಬಿಡು' ಅಂದ. ಅಲ್ಲ ಅಂತ ನನಗೆ ಗೊತ್ತು. ಆದರೂ ಬೇಡ ಅನ್ನಲಿಲ್ಲ.

ಆ ಪೀಪಾಯಿಗಳು ಬರೀ ಬಿಯರಿಗೆ ಹೋಗುವುದಿಲ್ಲ. ಸ್ಕಾಟ್‌ಲೆಂಡಿಗೆ ಲೆಕ್ಕವಿಲ್ಲದಷ್ಟು ಹೋಗುತ್ತವೆ. ನಮ್ಮ ಬೆಂಗಳೂರಿಗೂ ಬರುತ್ತವೆ. 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರಿಯವರು 2004ರಲ್ಲಿ ಸಿಂಗಲ್ ಮಾಲ್ಟ್ ವಿಸ್ಕಿ ಮಾಡಿ ನೇರ ಸ್ಕಾಟ್‌ಲೆಂಡಿನ ಗ್ಲಾಸ್ಗೋಗೇ ಒಯ್ದು ಮಾರಿದರು. ಅವರೂ ಬರ್ಬನ್ ಇಟ್ಟ ಪೀಪಾಯಿ ಬಳಸುತ್ತಾರೆ. ಸ್ಕಾಟ್‌ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ ಬೆಂಗಳೂರಿನಲ್ಲಿ ಹತ್ತಕ್ಕೂ ಜಾಸ್ತಿ ಹೋಗುತ್ತೆ. ದಾವಣಗೆರೆಯಲ್ಲಿ ಇಟ್ಟಿದ್ದರೆ ಏಪ್ರಿಲ್ ಒಂದೇ ತಿಂಗಳು ಸಾಕಿತ್ತು, ಪೀಪಾಯಿ ಮಾತ್ರ ಉಳಿಯುತ್ತಿತ್ತು.

ಮತ್ತೆ ಆ ರಾತ್ರಿಗೆ ಬರೋಣ. ಮಿರ್ಚಿ ಪಕ್ಕಕ್ಕೆ ಹೋಯಿತು. ಬಾಯಿಗೆ ಏನಾದರೂ ಬೇಕು. ಪ್ರತಿ ವರ್ಷ ಸಂಕ್ರಾಂತಿಗೆ ಅಮ್ಮ ಹಮಾಲರಿಗೆ ಅಂತ ಒಂದು ದೊಡ್ಡ ಡಬ್ಬಿ ಎಳ್ಳುಬೆಲ್ಲ ಕಳಿಸುತ್ತಾರೆ. ಹಬ್ಬ ಕಳೆದು ಮೂರು ದಿನ ಆಗಿದ್ದರೂ ಡಬ್ಬಿಯಲ್ಲಿ ಕಾಲು ಭಾಗ ಉಳಿದಿತ್ತು. ಕೆಳಗೆ ಹೋಗಿ ತಂದೆ.

ಇಲ್ಲಿ ನಿಧಾನಕ್ಕೆ ಓದಿ. ಎಳ್ಳು, ಬೆಲ್ಲ, ಕೊಬ್ಬರಿ, ಶೇಂಗಾ, ಹುರಿಗಡಲೆ. ಒಂದು ಚಿಟಿಕೆ ಬಾಯಿಗೆ ಹಾಕಿ ಸ್ವಲ್ಪ ಅಗಿದು, ಮೇಲೆ ಒಂದು ಸಣ್ಣ ಗುಟುಕು. ಬಿಯರಿನ ಕೊಬ್ಬರಿ ಹೋಗಿ ಡಬ್ಬಿಯ ಕೊಬ್ಬರಿಗೆ ಸೇರಿತು. ಬೆಲ್ಲ ಹೋಗಿ ಬೆಲ್ಲಕ್ಕೆ ಸೇರಿತು. ಹುರಿದ ಎಳ್ಳಿನ ಸಣ್ಣ ಕಹಿ ಬಾರ್ಲಿಯ ಕಹಿಯ ಪಕ್ಕ ಹೋಗಿ ಕೂತುಕೊಂಡಿತು. ಯಾವುದು ಲೋಟದಿಂದ ಬಂದಿದ್ದು, ಯಾವುದು ಡಬ್ಬಿಯಿಂದ ಬಂದಿದ್ದು ಗೊತ್ತಾಗಲಿಲ್ಲ. ಒಣ ಕೊಬ್ಬರಿಯ ಚೂರು ಒಂದನ್ನೇ ಆರಿಸಿ ತಿಂದು ಕುಡಿದರೆ ಇನ್ನೂ ಚೆನ್ನ. ಶೇಂಗಾ ಮಾತ್ರ ಬಿಟ್ಟುಬಿಡಿ, ಎಣ್ಣೆ ಜಾಸ್ತಿಯಾಗುತ್ತೆ. ಗೆಳೆಯ ಕೊನೆಗೆ ಸಕ್ಕರೆ ಅಚ್ಚಿನ ಆನೆಯೊಂದನ್ನು ಬಿಯರಿಗೆ ಅದ್ದಿ ತಿಂದ. ಅದು ಚೆನ್ನಾಗಿರಲಿಲ್ಲ. ಅವನು ಒಪ್ಪುವುದಿಲ್ಲ.

ಅರ್ಧ ಲೀಟರ್ ಮುಗಿಯಲು ಹತ್ತೂವರೆ ಆಯಿತು. ನಾವಿಬ್ಬರೂ ಇಷ್ಟು ನಿಧಾನಕ್ಕೆ ಯಾವತ್ತೂ ಕುಡಿದಿಲ್ಲ. ನಮ್ಮ ಕಡೆ ಕುಡಿಯೋದು ಅಂದ್ರೆ ಕದ್ದು ಮಾಡುವ ಕೆಲಸ. ಯಾರಾದರೂ ನೋಡುವ ಮುಂಚೆ, ಅಂಗಡಿ ಮುಚ್ಚುವ ಮುಂಚೆ, ನಿಂತಲ್ಲೇ ಗಟಗಟ. ರುಚಿ ನೋಡುವಷ್ಟು ಹೊತ್ತು ಅದು ಬಾಯಲ್ಲಿ ಇರುವುದೇ ಇಲ್ಲ. ಇರಬೇಕಾದ ಮಾಲೂ ಅದಲ್ಲ, ಆ ಮಾತು ಬೇರೆ. ಈ ಬಿಯರ್ ಗಟಗಟ ಕುಡಿಯಲು ಬಿಡುವುದೇ ಇಲ್ಲ. ಅಷ್ಟು ದಪ್ಪ, ಅಷ್ಟು ಸಿಹಿ. ಎರಡನೆಯ ಬಾಟಲಿ ಇದ್ದಿದ್ದರೂ ಆ ದಿನ ಬೇಡ ಅನ್ನುತ್ತಿದ್ದೆ. ಒಂದು ಹೋಳಿಗೆ ತಿಂದ ಮೇಲೆ ಇನ್ನೊಂದು ಬೇಡ ಅನ್ನಿಸುತ್ತಲ್ಲ, ಹಾಗೆ. ನನ್ನ ದೂರು ಏನಾದರೂ ಇದ್ದರೆ ಆ ಸಿಹಿಯೇ. ಕೊನೆಯ ಎರಡು ಗುಟುಕಿಗೆ ತುಟಿ ಅಂಟುತ್ತಿತ್ತು.

ಗಾಡಿ ಅಂಗಡಿ ಮುಂದೆಯೇ ಬಿಟ್ಟು ಆಟೋದಲ್ಲಿ ಮನೆಗೆ ಹೋದೆ. ಖಾಲಿ ಬಾಟಲಿ ಅಂಗಡಿಯಲ್ಲಿ ಬಿಟ್ಟರೆ ಬೆಳಿಗ್ಗೆ ಗುಮಾಸ್ತರು ನೋಡುತ್ತಾರೆ. ಎಳ್ಳುಬೆಲ್ಲದ ಡಬ್ಬಿ ಜೊತೆ ಅದನ್ನೂ ಕೈಚೀಲಕ್ಕೆ ಹಾಕಿಕೊಂಡೆ. ದಾರಿಯಲ್ಲಿ ಎಲ್ಲಾದರೂ ಬಿಸಾಡೋಣ ಅಂತ. ಮರೆತೆ.

ಬೆಳಿಗ್ಗೆ ಎದ್ದು ಅಡುಗೆ ಮನೆಗೆ ಹೋದರೆ ಅಮ್ಮ ಡಬ್ಬಿ ತೊಳೆದು ಬೋರಲು ಹಾಕಿದ್ದರು. ಪಕ್ಕದಲ್ಲಿ ಬಾಟಲಿಯೂ ಬೋರಲು ಬಿದ್ದಿತ್ತು. ಲೇಬಲ್ ಕೆರೆದು ತೆಗೆದಾಗಿತ್ತು.

ನಾನು ಬಾಯಿ ಬಿಡಲಿಲ್ಲ. ಅಮ್ಮನೂ ಏನೆಂದು ಕೇಳಲಿಲ್ಲ. ಕಾಫಿ ಕೊಟ್ಟು, 'ಕಂದು ಗಾಜು, ಹರಳೆಣ್ಣೆ ಇಡೋಕೆ ಚೆನ್ನಾಗೈತೆ. ಬೂದಿ ಹಾಕಿ ಮೂರು ಸಲ ತಿಕ್ಕಿದೀನಿ, ಇನ್ನೂ ಕೊಬ್ಬರಿ ವಾಸನೆ ಹೋಗವಲ್ದು' ಅಂದರು.

ನಮ್ಮಜ್ಜಿಗೆ ಒಂದು ಮೊಸರಿನ ಗಡಿಗೆ ಇತ್ತು. ಹೆಪ್ಪು ಹಾಕೋದು ಮರೆತರೂ ಅದರಲ್ಲಿ ಹಾಲು ಮೊಸರಾಗುತ್ತಿತ್ತು. ಆ ಗಡಿಗೆಗೆ ಬೇರೆ ಏನನ್ನೂ ಹಾಕಲು ಬಿಡುತ್ತಿರಲಿಲ್ಲ ಅಜ್ಜಿ. ಬರ್ಬನ್ ಪೀಪಾಯಿಯ ಕಾನೂನು ಓದುವಾಗ ನನಗೆ ಆ ಗಡಿಗೆಯೇ ಕಣ್ಣ ಮುಂದೆ ಬಂದಿತ್ತು. ಅದನ್ನು ಅಮ್ಮನಿಗೆ ಹೇಳಬೇಕು ಅನ್ನಿಸಿತು. ಹೇಳಲು ಹೊರಟರೆ ಬಾಟಲಿಯಿಂದ ಶುರು ಮಾಡಬೇಕಾಗುತ್ತೆ. ಕಾಫಿ ಕುಡಿದು ಅಂಗಡಿಗೆ ಹೊರಟೆ.

ಅಳಿಯ ಮುಂದಿನ ಸಂಕ್ರಾಂತಿಗೆ ಬರುತ್ತೇನೆ ಅಂದಿದ್ದಾನೆ. ಸ್ಕಾಚ್ ಬೇಡ, ಅವರಪ್ಪನ ಪಾಲಿನದೂ ಇದೇ ತಾ ಅಂತ ಹೇಳಿಟ್ಟಿದ್ದೇನೆ. ಭಾವನಿಗೆ ಇನ್ನೂ ಗೊತ್ತಿಲ್ಲ.